ನಾಲ್ಕನೇ ಹಾಸಿಗೆಯ ರತ್ನಕ್ಕ

ಮೊನ್ನೆ ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು, ಹೊಸದಾಗಿ ಕೆಲಸಕ್ಕೆ ಸೇರಿದವಳು, ನಮ್ಮ ಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತು ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತಿದಳು. "ಆಂಟಿ, ಡಿಪ್ಲಾಯ್ ಹೋ ಗಯಾ" ಅಂದಳು, ಬರೆದ ಪ್ರೋಗ್ರಾಂ ಏರಿಸಿ ಆಯಿತು ಎಂದು.

"ಎಲ್ಲಿಗೆ ಆಯ್ತಮ್ಮ?"

"ಸರ್ವರ್ ಮೇಲೆ."

"ಆ ಸರ್ವರ್ ಎಲ್ಲಿದೆ?"

"ಮಾಲೂಮ್ ನಹೀ ಆಂಟಿ. ಸಿಂಗಾಪುರ್ ಇರಬೇಕು."

ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ನನ್ನ ಸರ್ವರ್ ಎಲ್ಲಿತ್ತೆಂದು ನನಗೆ ಇವತ್ತಿಗೂ ಅಂಗುಲ ಅಂಗುಲ ಗೊತ್ತು. ಬೊಂಬಾಯಿಯ ಪರೇಲಿನ ಒಂದು ಟ್ರಸ್ಟ್ ಆಸ್ಪತ್ರೆಯ ನೆಲಮಹಡಿ, ಒಗೆದ ಚಾದರಗಳಿಗೆ ಇಸ್ತ್ರಿ ಹಾಕುವ ಕೋಣೆ, ಅದರ ಹಿಂದೊಂದು ಕಿಟಕಿಯಿಲ್ಲದ ಗೂಡು. ಆ ಗೂಡಿಗೆ ಚಪ್ಪಲಿ ಬಿಟ್ಟು ಹೋಗಬೇಕು. ಆಪರೇಷನ್ ಥಿಯೇಟರಿಗೆ ಡಾಕ್ಟರು ಚಪ್ಪಲಿ ಹಾಕಿಕೊಂಡೇ ಹೋಗುತ್ತಿದ್ದರು, ಕಂಪ್ಯೂಟರಿಗೆ ಮಾತ್ರ ಮಡಿ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ವೆಬ್ ಎಂಬ ಪದ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಆದರೆ ಕೆಲಸ ಇದೇ. ಒಂದು ದೊಡ್ಡ ಮಷೀನಿನಲ್ಲಿ ಪ್ರೋಗ್ರಾಂ ಕೂರಿಸಬೇಕು, ಅದು ಹತ್ತಾರು ಮೇಜಿನ ಪರದೆಗಳಿಗೆ ಉತ್ತರ ಕೊಡುತ್ತಿರಬೇಕು, ಮಧ್ಯೆ ಕೆಡಬಾರದು. ಅದುವರೆಗೆ ಕಪ್ಪು ಪರದೆ ನೋಡಿದ್ದ ನಮಗೆ ವಿಂಡೋಸ್ ಹಾಕಿದ ಸರ್ವರ್ ಆಗಷ್ಟೇ ಬಂದಿತ್ತು. ಅದಕ್ಕೆ ಮೌಸ್ ಬೇರೆ ಇತ್ತು. ಅದನ್ನು ನೋಡಲಿಕ್ಕೆಂದೇ ವಾರ್ಡಿನ ಆಯಾಗಳು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು.

ಆ ಸರ್ವರ್ ಬಂದ ಮೊದಲ ತಿಂಗಳು ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಸಾಯುತ್ತಿತ್ತು. ನಾವು ವೈರಸ್ ಹುಡುಕಿದೆವು, ಮೆಮೊರಿ ಬದಲಾಯಿಸಿದೆವು. ನನ್ನ ಬಾಸ್ ಕುಲಕರ್ಣಿಯವರು ಅಮೆರಿಕದ ಕಂಪನಿಗೆ ನಾಲ್ಕು ಪುಟದ ಫ್ಯಾಕ್ಸ್ ಕಳಿಸಿದರು. ಕೊನೆಗೆ ಒಂದು ದಿನ ಹನ್ನೊಂದರ ಹೊತ್ತಿಗೆ ನಾನು ಅಲ್ಲೇ ಕೂತಿದ್ದಾಗ ಇಸ್ತ್ರಿ ಕೋಣೆಯ ಕೆಲಸದ ಹೆಂಗಸು ಒಳಗೆ ಬಂದಳು. ಭಕ್ತಿಯಿಂದ ಚಪ್ಪಲಿ ಬಿಟ್ಟಳು, ನನಗೆ ನಮಸ್ಕಾರ ಮಾಡಿದಳು, ಸರ್ವರಿನ ಪ್ಲಗ್ ಕಿತ್ತು ತನ್ನ ಇಸ್ತ್ರಿಪೆಟ್ಟಿಗೆಯದನ್ನು ಸಿಕ್ಕಿಸಿದಳು. ಅಮೆರಿಕದಿಂದ ಫ್ಯಾಕ್ಸಿಗೆ ಉತ್ತರ ಆಮೇಲೆ ಬಂತು. ನಾವು ಹೇಳಿದ ತೊಂದರೆ ಅವರಿಗೆ ಬೇರೆಲ್ಲೂ ಕಂಡಿಲ್ಲವಂತೆ.

ನಮ್ಮ ಆಫೀಸು ಅಂಧೇರಿಯಲ್ಲಿ. ಕುಲಕರ್ಣಿ ಸರ್ ಧಾರವಾಡದವರು, ಒಳ್ಳೆಯ ಮನುಷ್ಯ. ಆದರೆ ತಾವು ಕಂಡುಹಿಡಿದ ಯಾವ ಪದ್ಧತಿಯನ್ನೂ ಅರ್ಧಕ್ಕೆ ಬಿಡುವವರಲ್ಲ. ಪ್ರೋಗ್ರಾಂ ಪರೀಕ್ಷಿಸಲು ಸುಳ್ಳು ರೋಗಿಗಳು ಬೇಕಿತ್ತು. "ಎಬಿಸಿ, ಎಕ್ಸ್‌ವೈಜೆಡ್ ಅಂತ ಹಾಕಬ್ಯಾಡ್ರಿ ವಿಜಯಾ. ಗೊತ್ತಿದ್ದ ಮಂದಿ ಹೆಸರು, ವಯಸ್ಸು, ಊರು ಹಾಕ್ರಿ. ಎಲ್ಲ್ಯಾರ ತಪ್ಪಿದ್ರ ಥಟ್ಟನ ಕಣ್ಣಿಗೆ ಬೀಳ್ತದ" ಅಂದರು.

ಬುದ್ಧಿವಂತಿಕೆಯ ಮಾತೇ. ತೊಂದರೆ ಏನೆಂದರೆ ಅದು ಆಸ್ಪತ್ರೆಯ ಪ್ರೋಗ್ರಾಂ. ಗಂಡನ ಹೆಸರು, ಮಕ್ಕಳ ಹೆಸರು, ಅಪ್ಪ ಅಮ್ಮನ ಹೆಸರು ರೋಗಿಗಳ ಪಟ್ಟಿಯಲ್ಲಿ ಬರೆಯಲು ಯಾರಿಗೆ ಕೈ ಬರುತ್ತದೆ? ಬಿಡ್ತು ಅನ್ನಿ. ನಾವು ಕಂಪ್ಯೂಟರ್ ಕಲಿತಿದ್ದೆವೇ ಹೊರತು ಅಪಶಕುನವನ್ನು ಮರೆತಿರಲಿಲ್ಲ. ಹಾಗಾಗಿ ಆಫೀಸಿನಲ್ಲಿ ಒಂದು ಕಾನೂನು ತಾನಾಗಿ ಹುಟ್ಟಿಕೊಂಡಿತು: ಗೊತ್ತಿದ್ದವರ ಹೆಸರು ಹಾಕಬೇಕು, ಸ್ವಂತದವರದ್ದು ಹಾಕಬಾರದು. ಕುಲಕರ್ಣಿಯವರು ತಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗೆ ಮೂಲವ್ಯಾಧಿ ಕೊಟ್ಟು ಆಸ್ಪತ್ರೆಗೆ ಭರ್ತಿ ಮಾಡಿ ಮೂರು ದಿನ ಖುಷಿಯಾಗಿದ್ದರು. ನಾನು ರತ್ನಕ್ಕನ ಹೆಸರು ಹಾಕಿದೆ.

ರತ್ನಕ್ಕ ನನ್ನ ಮನೆಯೊಡತಿ. ಮೈಸೂರಿನಿಂದ ಬಂದು ನಾಲ್ಕು ವರ್ಷದಿಂದ ನಾನು ಘಾಟ್ಕೋಪರಿನ ಅವರ ಮನೆಯ ಹೊರಕೋಣೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೆ. ಉಡುಪಿ ಕಡೆಯವರು. ಗಂಡ ವಿಠಲಣ್ಣ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರ್. ಗಂಡ ಹೆಂಡತಿ ಇಬ್ಬರೇ. ರತ್ನಕ್ಕನಿಗೆ ಪಕ್ಕೆಯ ಕೆಳಗೆ ಆಗಾಗ ನೋವು ಬರುತ್ತಿತ್ತು. "ಗ್ಯಾಸ್ ಮಾರಾಯ್ತಿ" ಅಂದು ಓಂಕಾಳು ನೀರು ಕುಡಿದು ಮಲಗುತ್ತಿದ್ದರು. ಅದೇ ನೋವು ನೆನಪಾಗಿ ನಾನು ಟೈಪ್ ಮಾಡಿದೆ: ರತ್ನಾ ಶೆಟ್ಟಿ, ನಲವತ್ತಾರು, ಘಾಟ್ಕೋಪರ್, ಪಿತ್ತಕೋಶದ ಕಲ್ಲು, ಏಳನೇ ವಾರ್ಡು, ನಾಲ್ಕನೇ ಹಾಸಿಗೆ. ಭರ್ತಿ ಪರೀಕ್ಷಿಸಿದೆ. ಆಪರೇಷನ್ ಪರೀಕ್ಷಿಸಿದೆ, 'ಆಗಿದೆ' ಎಂದು ಬಂತು. ಡಿಸ್ಚಾರ್ಜ್ ಪರೀಕ್ಷಿಸಬೇಕು ಅನ್ನುವಷ್ಟರಲ್ಲಿ ಚಹಾ ಬಂತು, ಎದ್ದುಹೋದೆ.

ಪ್ರೋಗ್ರಾಮನ್ನು ಪರೇಲಿಗೆ ಒಯ್ಯಬೇಕಾದ ದಿನ ಭಾನುವಾರ. ಅಲ್ಲಿಯವರೆಗೆ ನಾನು ಹನ್ನೆರಡು ಫ್ಲಾಪಿಗಳಲ್ಲಿ ತುಂಬಿಕೊಂಡು ಲೋಕಲ್‌ನಲ್ಲಿ ಹೋಗುತ್ತಿದ್ದೆ. ಆ ವಾರ ಮಾತ್ರ ಫ್ಲಾಪಿಗಳ ಮೇಲೆ ರತ್ನಕ್ಕನ ಮಾವಿನ ಮಿಡಿ ಉಪ್ಪಿನಕಾಯಿಯ ಡಬ್ಬಿ ಸೋರಿತು. ಹನ್ನೊಂದು ಫ್ಲಾಪಿ ಬದುಕಿದವು, ಎಂಟನೆಯದು ಕೆಂಪಾಗಿ ವಾಸನೆ ಬೀರುತ್ತ ಕೂತಿತ್ತು. ಎಂಟಿಲ್ಲದೆ ಒಂಬತ್ತನ್ನು ಯಾವ ಕಂಪ್ಯೂಟರೂ ಒಪ್ಪುವುದಿಲ್ಲ. ಕುಲಕರ್ಣಿ ಸರ್ ಕೂಡಲೇ ಹೊಸ ಪದ್ಧತಿ ಕಂಡುಹಿಡಿದರು. "ಫ್ಲಾಪಿ ಗೀಪಿ ಏನೂ ಬ್ಯಾಡ. ನಮ್ಮ ಟ್ರಯಲ್ ಮಷೀನನ ಟ್ಯಾಕ್ಸಿದಾಗ ಹಾಕೊಂಡು ಹೋಗ್ರಿ. ವೈರ್ ಜೋಡಿಸಿ ಇಡೀ ಫೋಲ್ಡರ್ ಒಮ್ಮೆಲೇ ಕಾಪಿ ಹೊಡೀರಿ."

ಹೊಡೆದೆ. ಪ್ರೋಗ್ರಾಂ ಹೋಯಿತು. ಅದರ ಜೊತೆಗೆ ಟ್ರಯಲ್ ರೋಗಿಗಳ ಫೈಲೂ ಹೋಯಿತು. ಸೊಸೈಟಿಯ ಸೆಕ್ರೆಟರಿ ಗುಣವಾಗಿ ಮನೆಗೆ ಹೋಗಿದ್ದರು, ಅವರದು ತಲೆಬಿಸಿಯಿಲ್ಲ. ಉಳಿದವರು ರತ್ನಕ್ಕ. ಅದೇ ದಿನ ಸಂಜೆ ರೆಕಾರ್ಡು ವಿಭಾಗದವರು ನಿಜವಾದ ರೋಗಿಗಳನ್ನೆಲ್ಲ ರಿಜಿಸ್ಟರಿನಿಂದ ನೋಡಿ ಟೈಪ್ ಮಾಡಿದರು. ಏಳನೇ ವಾರ್ಡಿನ ನಾಲ್ಕನೇ ಹಾಸಿಗೆ ಆ ದಿನ ಖಾಲಿಯಿತ್ತು, ಆದ್ದರಿಂದ ಯಾರ ಹೆಸರೂ ಯಾರಿಗೂ ಅಡ್ಡ ಬರಲಿಲ್ಲ.

ಸೋಮವಾರ ಸುಪರಿಂಟೆಂಡೆಂಟ್ ಸಾಹೇಬರು ಒಂದು ಆಜ್ಞೆ ಹೊರಡಿಸಿದರು. ಇವತ್ತಿನಿಂದ ರಿಜಿಸ್ಟರ್ ಬಂದ್, ಕಂಪ್ಯೂಟರ್ ಹೇಳಿದ್ದೇ ಲೆಕ್ಕ, ಪ್ರಶ್ನೆ ಕೇಳಿದವರ ಮೇಲೆ ಕ್ರಮ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವರದು. ನಾನು ಅಂಧೇರಿಗೆ ವಾಪಸು ಬಂದು ಮುಂದಿನ ಕೆಲಸ ಹಿಡಿದೆ. ಹನ್ನೊಂದು ದಿನ ಪರೇಲಿನಿಂದ ಒಂದೂ ದೂರು ಬರಲಿಲ್ಲ. ಕಿರಿಯರಿಗೆ ಒಂದು ಮಾತು ಹೇಳುತ್ತೇನೆ: ದೂರು ಬರದಿದ್ದರೆ ಹೆದರಿ.

ಈ ಹನ್ನೊಂದು ದಿನಗಳಲ್ಲಿ ರತ್ನಕ್ಕನ ನೋವು ಜೋರಾಯಿತು. ಜ್ವರ ಬಂತು, ಕಣ್ಣು ಹಳದಿಯಾಯಿತು. ಘಾಟ್ಕೋಪರಿನ ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿದರೆ ನಿಜವಾಗಿಯೂ ಪಿತ್ತಕೋಶದಲ್ಲಿ ಕಲ್ಲು. ನನ್ನ ನಾಲಿಗೆಯ ಮೇಲೆ ಮಚ್ಚೆ ಇದೆಯೋ ಏನೋ, ಬೆರಳಿನ ಮೇಲಂತೂ ಇರಬೇಕು. ಕಲ್ಲು ದಾರಿಗೆ ಅಡ್ಡ ಸಿಕ್ಕಿಕೊಂಡಿದೆ, ತಡಮಾಡಿದರೆ ಒಳಗೆ ಕೀವಾಗಿ ಜೀವಕ್ಕೇ ಅಪಾಯ, ಎರಡು ಮೂರು ದಿನದಲ್ಲಿ ಆಪರೇಷನ್ ಆಗಲೇಬೇಕು ಅಂದರು. ವಿಠಲಣ್ಣ ತಮ್ಮನ ಮಗಳ ಮದುವೆಗೆಂದು ಊರಿಗೆ ಹೋಗಿದ್ದರು, ಟ್ರಂಕಾಲ್ ಮಾಡಿದರೂ ಬರಲು ಎರಡು ದಿನ ಬೇಕು. "ನೀವು ಹೆದರಬೇಡಿ ರತ್ನಕ್ಕ, ಪರೇಲಿನ ಆಸ್ಪತ್ರೆಯಲ್ಲಿ ಎಲ್ಲರೂ ನನಗೆ ಗೊತ್ತು" ಅಂತ ಜಂಬದಿಂದ ಕರೆದುಕೊಂಡು ಹೋದೆ.

ಭರ್ತಿಯ ಕೌಂಟರಿನಲ್ಲಿ ಜಾಧವ್ ಇದ್ದ. ರೆಕಾರ್ಡು ಗುಮಾಸ್ತ, ನನಗೆ ಚೆನ್ನಾಗಿ ಪರಿಚಯ. ಡಾಕ್ಟರ ಚೀಟಿ ನೋಡಿ ಹೆಸರು ಟೈಪ್ ಮಾಡಿದ. ಪರದೆ ನೋಡಿದ. ರತ್ನಕ್ಕನನ್ನು ನೋಡಿದ.

"ಮ್ಯಾಡಮ್, ಇವರು ಈಗಾಗಲೇ ಭರ್ತಿ ಇದ್ದಾರೆ. ಏಳನೇ ವಾರ್ಡು, ನಾಲ್ಕು ನಂಬರ್. ಆಪರೇಷನ್ ಭೀ ಹೋ ಗಯಾ."

ಟ್ಯಾಕ್ಸಿ, ವೈರು, ಇಡೀ ಫೋಲ್ಡರು, ಎಲ್ಲ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂತು.

"ಅದು ಸುಳ್ಳು ಹೆಸರು ಜಾಧವ್. ಇವರು ನಿಜ. ಇವರನ್ನು ಭರ್ತಿ ಮಾಡಿಕೋ."

"ಏಕ್ ಪೇಶಂಟ್ ದೋ ಬಾರ್ ಭರ್ತಿ ಕೈಸೆ ಹೋಗಾ? ಮಷೀನ್ ಲೇತಾ ಹೀ ನಹೀ." ಒಬ್ಬರನ್ನು ಎರಡು ಸಲ ಭರ್ತಿ ಮಾಡಲು ಬಿಡದ ಆ ಕಟ್ಟುಪಾಡನ್ನು ಬರೆದವಳು ನಾನೇ. ಅದಕ್ಕಾಗಿ ಕುಲಕರ್ಣಿ ಸರ್ ನನಗೆ ಶಭಾಷ್ ಅಂದಿದ್ದರು. ಮಾಡಿದ್ದುಣ್ಣೋ ಮಹಾರಾಯ.

ರತ್ನಕ್ಕ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲಿಂದ ಕೇಳಿದರು. "ಎಂತ ವಿಜಯಾ, ನಾನು ಇಲ್ಲಿ ಕೂತಿದ್ದೇನಲ್ಲ. ಮತ್ತೆ ಮೇಲೆ ಮಲಗಿದ್ದು ಯಾರು?"

ನಾನು ಎಲ್ಲ ಹೇಳಿದೆ. ಅವರಿಗೆ ಅರ್ಧ ಅರ್ಥವಾಯಿತೋ ಇಲ್ಲವೋ. ಜಾಧವ್ ಪಾಪ ಒಂದು ಉಪಾಯ ಹೇಳಿದ, ಬೇರೆ ಹೆಸರಿನಲ್ಲಿ ಭರ್ತಿ ಮಾಡೋಣವೇ ಎಂದ. ರತ್ನಕ್ಕ ಅಷ್ಟು ನೋವಿನಲ್ಲೂ ತಲೆಯೆತ್ತಿ ಕೂತರು. "ಬೇರೆ ಹೆಸರಲ್ಲಿ ನಾನು ಕೊಯ್ಸಿಕೊಳ್ಳುದಿಲ್ಲ. ಹೆಚ್ಚುಕಮ್ಮಿ ಆದರೆ ಯಾರು ಸತ್ತದ್ದು ಅಂತ ಒಂದು ಬೇಡವಾ?" ಅಂದರು. ಅಲ್ಲದೆ ಹೆಂಗಸರ ಸರ್ಜರಿ ವಾರ್ಡಿನಲ್ಲಿ ಬೇರೆ ಹಾಸಿಗೆಯೂ ಇರಲಿಲ್ಲ. ಇಡೀ ವಾರ್ಡಿನಲ್ಲಿ ಖಾಲಿ ಇದ್ದದ್ದು ನಾಲ್ಕನೆಯದು ಒಂದೇ, ಅದು ರತ್ನಕ್ಕನದು.

ಕೊನೆಗೆ ಜಾಧವ್ ಅವರಿಗೆ ಭೇಟಿಯ ಪಾಸ್ ಬರೆದುಕೊಟ್ಟ. ನೋಡಬೇಕಾದ ರೋಗಿ: ರತ್ನಾ ಶೆಟ್ಟಿ. ನೋಡಲು ಬಂದವರು: ರತ್ನಾ ಶೆಟ್ಟಿ. ರತ್ನಕ್ಕ ತಮ್ಮನ್ನು ತಾವೇ ನೋಡಲು ಲಿಫ್ಟಿನಲ್ಲಿ ಮೇಲೆ ಹೋದರು. ಕೈಯಲ್ಲಿ ಎರಡು ಮೋಸಂಬಿ ಬೇರೆ ಇತ್ತು, ದಾರಿಗೆಂದು ನಾನು ಕೊಂಡಿದ್ದೆ.

ಏಳನೇ ವಾರ್ಡಿನ ಮುಖ್ಯ ಸಿಸ್ಟರ್ ಪಿಂಟೋ, ಮಂಗಳೂರಿನವರು. ನಾನು ಹೆಸರು ಹೇಳುತ್ತಿದ್ದಂತೆ ಅವರು ರತ್ನಕ್ಕನ ಎರಡೂ ಕೈ ಹಿಡಿದುಕೊಂಡು ಅಳಲು ಶುರು ಮಾಡಿದರು.

"ಬಂದಿರಾ! ಎಲ್ಲಿ ಇದ್ದಿರಿ ನೀವು ಇಷ್ಟು ದಿನ? ನನಗೆ ಹನ್ನೊಂದು ದಿನ ಸರಿಯಾಗಿ ಅನ್ನ ಇಳಿಯಲಿಲ್ಲ ಗೊತ್ತುಂಟಾ?"

ಆಮೇಲೆ ಕತೆ ಹೊರಬಿತ್ತು. ಪ್ರತಿದಿನ ಬೆಳಿಗ್ಗೆ ಪ್ರಿಂಟರಿನಿಂದ ವಾರ್ಡಿನ ಪಟ್ಟಿ ಬರುತ್ತಿತ್ತು, ಅದರಲ್ಲಿ ನಾಲ್ಕನೇ ಹಾಸಿಗೆಗೆ ರತ್ನಾ ಶೆಟ್ಟಿ. ಮೊದಲ ದಿನದ ನರ್ಸು ರೋಗಿ ಬಾತ್‌ರೂಮಿನಲ್ಲಿರಬೇಕು ಎಂದುಕೊಂಡಳು. ಎರಡನೆಯವಳು ಎಕ್ಸ್‌ರೇಗೆ ಹೋಗಿರಬೇಕು ಎಂದುಕೊಂಡಳು. "ಮೂರನೇ ದಿನ ಹೇಳುವ ಅಂದರೆ, ಎರಡು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರಲ್ಲ?" ಅಂದರು ಸಿಸ್ಟರ್. ರೋಗಿಯನ್ನು ಕಳೆದುಕೊಂಡವಳು ಎಂಬ ಹೆಸರು ಯಾರಿಗೂ ಬೇಡ. ಹಾಗಾಗಿ ಎಲ್ಲರೂ ಸೇರಿ ರತ್ನಕ್ಕನನ್ನು ಚೆನ್ನಾಗಿ ನೋಡಿಕೊಂಡಿದ್ದರು. ಚಾರ್ಟಿನಲ್ಲಿ ಬೆಳಿಗ್ಗೆ ಸಂಜೆ ಜ್ವರ ಬರೆದಿತ್ತು, ಬಿಪಿ ಬರೆದಿತ್ತು. ಐದನೇ ದಿನ ಸ್ವಲ್ಪ ಮಲಬದ್ಧತೆ. ಅಡುಗೆಮನೆಯಿಂದ ದಿನಕ್ಕೆ ಎರಡು ಸಲ ಗಂಜಿ ಬರುತ್ತಿತ್ತು, ಪಾತ್ರೆ ಖಾಲಿಯಾಗಿ ವಾಪಸು ಹೋಗುತ್ತಿತ್ತು. ಕುಡಿದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ.

ರತ್ನಕ್ಕನನ್ನು ನಾಲ್ಕನೇ ಹಾಸಿಗೆಯಲ್ಲಿ ಮಲಗಿಸಿದರು. ಸರ್ಜನ್ ಸಾಹೇಬರು ರೌಂಡಿಗೆ ಬಂದರು. ಚಾರ್ಟ್ ಓದಿದರು, ಹೊಟ್ಟೆ ನೋಡಿದರು, ಮತ್ತೆ ಚಾರ್ಟ್ ಓದಿದರು.

"ಈ ಆಪರೇಷನ್ ನಾನು ಮಾಡಿದ್ದಂತೆ. ಇಷ್ಟು ಚೆನ್ನಾಗಿ ಹೊಲಿಯೋದು ನನಗೆ ಬರೋದಿಲ್ಲ" ಅಂದರು ಇಂಗ್ಲಿಷಿನಲ್ಲಿ.

ನಾನು ಅವರಿಗೂ ನಿಜ ಹೇಳಿದೆ. ಅವರು ನಗಲಿಲ್ಲ, ರೇಗಲೂ ಇಲ್ಲ. ರತ್ನಕ್ಕನ ಕಣ್ಣಿನ ಹಳದಿ ನೋಡಿ ಮುಖ ಗಂಭೀರ ಮಾಡಿಕೊಂಡರು. ನಾಳೆ ಬೆಳಿಗ್ಗೆ ಮೊದಲ ಆಪರೇಷನ್ ಇವರದೇ ಮಾಡುತ್ತೇನೆ, ನಾಡಿದ್ದಿನಿಂದ ನಾನು ಹದಿನೈದು ದಿನ ರಜೆ ಅಂದರು. ಆದರೆ ಥಿಯೇಟರಿನವರು ಕಂಪ್ಯೂಟರ್ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಒಳಗೆ ಬಿಡುವುದಿಲ್ಲ, ಪಟ್ಟಿ ಸಂಜೆ ಆರಕ್ಕೆ ಪ್ರಿಂಟ್ ಆಗುತ್ತದೆ, ಅಷ್ಟರೊಳಗೆ ಹೆಸರು ಬರಲಿ ಅಂದರು. ಹೆಸರು ಬರುವುದು ಹೇಗೆ? ಆಪರೇಷನ್ 'ಆಗಿದೆ' ಎಂದಿದ್ದವರನ್ನು ಪ್ರೋಗ್ರಾಂ ಮತ್ತೆ ಪಟ್ಟಿಗೆ ಹಾಕುವುದಿಲ್ಲ. ಹಳೆಯದನ್ನು ಡಿಸ್ಚಾರ್ಜ್ ಮಾಡಿ ಹೊಸದಾಗಿ ಭರ್ತಿ ಮಾಡಬೇಕು. ಡಿಸ್ಚಾರ್ಜಿಗೆ ಐದು ಚೌಕ ತುಂಬಬೇಕು, ಐದನೆಯದು ಸರ್ಜನ್ನರ ಗುಟ್ಟಿನ ಕೋಡ್.

"ನೀವು ಕೋಡ್ ಹಾಕಿಬಿಡಿ ಸರ್" ಅಂದೆ.

"ಮಾಡದೇ ಇರೋ ಆಪರೇಷನ್ನಿಗೆ ಗುಣ ಆಗಿದೆ ಅಂತ ನಾನು ಹೇಗೆ ಬರೀಲಿ? ಅದು ಸುಳ್ಳಾಗುತ್ತೆ." ಇಡೀ ಆಸ್ಪತ್ರೆಯಲ್ಲಿ ಅವರೊಬ್ಬರೇ ಸತ್ಯವಂತರು, ಅವರೇ ನನಗೆ ಸಿಗಬೇಕೆ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ನಾನೇ ಬರೆದ ಪ್ರೋಗ್ರಾಂ. ಗಂಟೆ ಮೂರೂಕಾಲು.

ಸುಪರಿಂಟೆಂಡೆಂಟರ ಹತ್ತಿರ ಓಡಿದೆ. ತಪ್ಪು ನನ್ನದು, ಆ ದಾಖಲೆ ಸುಳ್ಳು, ದಯವಿಟ್ಟು ಅಳಿಸಲು ಬಿಡಿ ಎಂದು ನಿಂತುಕೊಂಡೇ ಕೇಳಿದೆ. ಕೆಲಸ ಹೋಗುತ್ತದೆಂದು ಗೊತ್ತಿತ್ತು. ಅವರು ನಿಧಾನವಾಗಿ ಏಳನೇ ವಾರ್ಡಿನ ಕಾಗದ ತರಿಸಿದರು. ಹನ್ನೊಂದು ದಿನದ ಜ್ವರದ ಚಾರ್ಟು, ಗಂಜಿಯ ಚೀಟಿ, ನರ್ಸುಗಳ ಸಹಿ. ಎಲ್ಲವನ್ನೂ ಮೇಜಿನ ಮೇಲೆ ಹರಡಿದರು.

"ಇಷ್ಟು ಜನ ಈ ರೋಗಿ ಇದ್ದಾರೆ ಅಂತ ಸಹಿ ಹಾಕಿದ್ದಾರೆ. ನೀವೊಬ್ಬರು ಇಲ್ಲ ಅನ್ನುತ್ತೀರಿ. ನಾನು ಯಾರನ್ನು ನಂಬಬೇಕು?"

"ಸರ್, ರೋಗಿ ಇದ್ದಾರೆ. ಆದರೆ ಇವತ್ತು ಬಂದರು."

"ಅಂದರೆ ಇದ್ದಾರೆ ತಾನೇ?" ಅಂದರು. ದಾಖಲೆ ಅಳಿಸಲು ಅರ್ಜಿ ಕೊಡಿ, ಮುಂದಿನ ತಿಂಗಳು ಕಮಿಟಿ ಕೂರುತ್ತದೆ ಎಂದು ಕಳಿಸಿದರು. 'ಅಳಿಸು' ಎಂಬ ಗುಂಡಿಯೇ ಪ್ರೋಗ್ರಾಮಿನಲ್ಲಿ ಇರಬಾರದೆಂದು ಹಟ ಹಿಡಿದವರು ಅವರೇ. ಈ ಆಸ್ಪತ್ರೆಯಿಂದ ರೋಗಿ ಹೊರಗೆ ಹೋಗಲು ಎರಡೇ ಬಾಗಿಲು, ಒಂದು ಡಿಸ್ಚಾರ್ಜು, ಇನ್ನೊಂದು ಸಾವು ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿ ಹೇಳಿದ್ದರು.

ಅಂಧೇರಿಗೆ ಫೋನ್ ಮಾಡಿದೆ. ಸರ್ವರಿನ ಒಳಗೇ ಕೈಹಾಕಿ ಆ ಸಾಲು ಕಿತ್ತುಹಾಕಲೇ ಎಂದು ಕುಲಕರ್ಣಿಯವರನ್ನು ಕೇಳಿದೆ.

"ಬ್ಯಾಡ್ರಿ ವಿಜಯಾ, ಕೈ ಮುಗೀತೀನಿ! ಎಲ್ಲಾ ಪರದೆ ಚಾಲೂ ಇದ್ದಾಗ ಫೈಲ್ ಮುಟ್ಟಿದ್ರ ಫೈಲೇ ಮುರೀತದ. ಒಬ್ಬಾಕಿನ್ನ ಉಳಸಾಕ ಹೋಗಿ ಇನ್ನೂರು ಮಂದಿನ್ನ ಕಳೀತೀರಿ."

ಅವರು ಹೇಳಿದ್ದು ಸರಿ. ಆ ಕಾಲದ ನಮ್ಮ ಫೈಲುಗಳು ಹಾಗೇ ಇದ್ದವು. ಅತ್ತ ದರಿ, ಇತ್ತ ಪುಲಿ. ಐದು ಗಂಟೆಗೆ ನಾನು ವಾರ್ಡಿಗೆ ವಾಪಸು ಬಂದು ಸಿಸ್ಟರ್ ಪಿಂಟೋ ಅವರ ಮೇಜಿನ ಮೇಲಿದ್ದ ಪರದೆಯ ಮುಂದೆ ಸುಮ್ಮನೆ ಕೂತೆ. ರತ್ನಕ್ಕ ನರಳುವುದು ಅಲ್ಲಿಗೆ ಕೇಳಿಸುತ್ತಿತ್ತು. ನನಗೆ ಅಳು ಬಂತು, ಅತ್ತೆ.

ಆಗ ಎರಡನೇ ಬಾಗಿಲು ನೆನಪಾಯಿತು. ಡಿಸ್ಚಾರ್ಜಿಗೆ ಐದು ಚೌಕ, ಸಾವಿಗೆ ಎರಡೇ: ವೇಳೆ, ಸಿಸ್ಟರ್ ಕೋಡು. ಸಾವಿನ ಉಳಿದ ವಿಧಿಗಳೆಲ್ಲ ಕಾಗದದ ಮೇಲೇ ಇರಲಿ, ಕಂಪ್ಯೂಟರಿಗೆ ಚುಟುಕಾಗಿ ಮುಗಿಸಿ ಎಂದು ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ಮೆಲ್ಲಗೆ ಸಿಸ್ಟರ್ ಕಿವಿಯಲ್ಲಿ ಹೇಳಿದೆ. ಅವರು ಶಿಲುಬೆಯ ಗುರುತು ಹಾಕಿಕೊಂಡರು.

"ದೇವರೇ! ಬದುಕಿದವರನ್ನಾ?"

"ಮಷೀನಿನಲ್ಲಿ ಮಾತ್ರ ಸಿಸ್ಟರ್."

"ಅವರನ್ನು ಕೇಳದೆ ನಾನು ಕೋಡ್ ಹಾಕುದಿಲ್ಲ. ಪಾಪ ಬರ್ತದೆ."

ಇಬ್ಬರೂ ಹಾಸಿಗೆಯ ಹತ್ತಿರ ಹೋದೆವು. ಜೀವ ಹೋಗುವಷ್ಟು ನೋವಿನಲ್ಲಿರುವ ಸುಮಂಗಲಿಗೆ ಈ ಮಾತನ್ನು ಹೇಳುವುದು ಹೇಗೆ? ನಾನು ತೊದಲಿದೆ. ಹಳೆಯ ರತ್ನಕ್ಕ ತೀರಿಹೋದರು ಎಂದು ಬರೆದರೆ ಹೊಸ ರತ್ನಕ್ಕನನ್ನು ಭರ್ತಿ ಮಾಡಿಕೊಳ್ಳುತ್ತಾರೆ, ಇದು ಬರಿಯ ಬರಹ, ನೀವು ಬೇಡ ಅಂದರೆ ಬೇಡ ಎಂದೆ.

ರತ್ನಕ್ಕ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. "ಅವಳಿಗೆ ಹನ್ನೊಂದು ದಿನ ಗಂಜಿ, ಹಾಸಿಗೆ, ಆಪರೇಷನ್ ಎಲ್ಲ ಆಯಿತಲ್ಲ. ಸಾಕು, ಸಾಯಲಿ" ಅಂದರು.

ಪರದೆಗೆ ಬಂದೆ. ವೇಳೆ ಐದೂ ಇಪ್ಪತ್ತು ಎಂದು ಹಾಕಿದೆ. ಸಿಸ್ಟರ್ ಕೋಡ್ ಹಾಕಿ ಮುಖ ಆಚೆ ತಿರುಗಿಸಿಕೊಂಡರು. 'ರತ್ನಾ ಶೆಟ್ಟಿ ಮೃತರಾಗಿದ್ದಾರೆ. ಖಚಿತವೇ?' ಎಂದು ಇಂಗ್ಲಿಷಿನಲ್ಲಿ ಕೇಳಿತು. ಎಂಟರ್ ಗುಂಡಿಯ ಮೇಲೆ ಬೆರಳಿಟ್ಟವಳು ಇಟ್ಟ ಹಾಗೇ ಕೂತೆ. ಬರಿಯ ಬರಹ ಎಂದು ನಾನೇ ಹೇಳಿದ್ದೆ. ಆದರೂ ಬೆರಳು ಕೆಳಗೆ ಹೋಗಲಿಲ್ಲ.

ಹಿಂದಿನಿಂದ ಚಪ್ಪಲಿ ಎಳೆಯುವ ಸದ್ದು ಬಂತು. ರತ್ನಕ್ಕ ಮಂಚ ಮೇಜು ಹಿಡಿದುಕೊಂಡು ಎದ್ದು ಬಂದಿದ್ದರು.

"ಎಂತ ಕೂತಿದ್ದಿ? ಗಂಟೆ ಎಷ್ಟಾಯಿತು ನೋಡು. ಯಾವ ಗುಂಡಿ?"

ತೋರಿಸಿದೆ. ತಾಳಿಯನ್ನು ಕಣ್ಣಿಗೊತ್ತಿಕೊಂಡು ಅವರೇ ಒತ್ತಿದರು. ನಾಲ್ಕನೇ ಹಾಸಿಗೆ ಖಾಲಿ ಎಂದು ಬಂತು.

ಸಿಸ್ಟರೂ ನಾನೂ ಅವರನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿಕೊಂಡು ಕೆಳಗೆ ಓಡಿದೆವು. ಜಾಧವ್ ಹೆಸರು ಟೈಪ್ ಮಾಡಿದ. "ಯೇ ತೋ ಅಭೀ ಗುಜರ್ ಗಯೀ" ಅಂದ, ಈಗಷ್ಟೇ ತೀರಿಹೋದರಲ್ಲ ಎಂದು. "ಅವಳು ಬೇರೆ. ಮೈ ದೂಸ್ರಿ" ಅಂದರು ರತ್ನಕ್ಕ. "ಹಾಂ, ಅಬ್ ಹೋಗಾ. ಪಹಲೀ ವಾಲಿ ಗಯೀ ನಾ" 
ಎಂದು, ಮೊದಲಿನವರು ಹೋದರಲ್ಲ ಎಂಬ ನೆಮ್ಮದಿಯಿಂದ, ಜಾಧವ್ ಹೊಸ ನಂಬರ್ ಕೊಟ್ಟ. ಆಮೇಲೆ ಆಪರೇಷನ್ನಿಗೆ ಒಪ್ಪಿಗೆ ಕೊಡುವವರ ಹೆಸರು, ರೋಗಿಗೆ ಅವರು ಏನಾಗಬೇಕು ಎಂಬ ಚೌಕ ಬಂತು. ನಾನು ಬರೆದ ಪ್ರೋಗ್ರಾಮಿನಲ್ಲಿ ಅದಕ್ಕೆ ನಾಲ್ಕೇ ಉತ್ತರ: ಗಂಡ ಅಥವಾ ಹೆಂಡತಿ, ತಂದೆ ಅಥವಾ ತಾಯಿ, ಮಗ ಅಥವಾ ಮಗಳು, ಒಡಹುಟ್ಟು. ಬಾಡಿಗೆಯವಳು ಎಂಬ ಉತ್ತರ ನಾನು ಇಟ್ಟಿರಲಿಲ್ಲ. ಗಂಟೆ ಐದೂ ಐವತ್ತು. ಮಗಳು ಎಂದು ಹಾಕಿಸಿ, ಕೆಳಗೆ ಸಹಿ ಮಾಡಿದೆ.

ರತ್ನಕ್ಕ ಕುರ್ಚಿಯಿಂದ ಬಗ್ಗಿ ನೋಡಿದರು. "ನೋಡಿ ಸಿಸ್ಟರ್, ಇವಳ ಧೈರ್ಯ! ಈಗ ಮೇಲೆ ಸಾಯಿಸಿ ಬಂದು, ಕೆಳಗೆ ಮಗಳು ಅಂತ ಬರೀತಾಳೆ" ಅಂದರು. ನಗಲು ಹೋಗಿ ನೋವಿನಿಂದ ಮುದುಡಿಕೊಂಡರು.

ಆರು ಗಂಟೆಗೆ ಪಟ್ಟಿ ಬಂತು, ಅವರದೇ ಮೊದಲ ಹೆಸರು. ಮರುದಿನ ಬೆಳಿಗ್ಗೆ ಆಪರೇಷನ್ ಆಯಿತು. ಇನ್ನೊಂದು ದಿನ ಕಳೆದಿದ್ದರೆ ಕಷ್ಟವಿತ್ತು ಎಂದು ಸರ್ಜನ್ನರು ಒಂದು ಬಾಟಲಿಯಲ್ಲಿ ಹತ್ತೊಂಬತ್ತು ಕಲ್ಲು ಹಾಕಿ ನನ್ನ ಕೈಗೆ ಕೊಟ್ಟರು. ನನ್ನ ಕೆಲಸ ಹೋಗಲಿಲ್ಲ. ನನ್ನನ್ನು ತೆಗೆಯಬೇಕಾದರೆ ತಪ್ಪಾಗಿದೆ ಎಂದು ಸುಪರಿಂಟೆಂಡೆಂಟರು ಒಪ್ಪಿಕೊಳ್ಳಬೇಕಾಗುತ್ತಿತ್ತು. ಶವಾಗಾರದವರು ಮಾತ್ರ ಎರಡು ವಾರ ಹೆಣ ಎಲ್ಲಿ ಹೆಣ ಎಲ್ಲಿ ಎಂದು ಏಳನೇ ವಾರ್ಡಿಗೆ ಚೀಟಿ ಕಳಿಸುತ್ತಿದ್ದರು. 'ಮಗಳು ಲಿಫ್ಟಿನಲ್ಲಿ ಕೊಂಡೊಯ್ದಳು' ಎಂದು ಸಿಸ್ಟರ್ ಪಿಂಟೋ ಬರೆದು ಕಳಿಸಿದರು. ಪಾಪ ಬರುವಂಥ ಸುಳ್ಳೇನೂ ಅದರಲ್ಲಿ ಇರಲಿಲ್ಲ.

ಹೊಲಿಗೆ ಬಿಚ್ಚುವ ಹಿಂದಿನ ದಿನ ವಿಠಲಣ್ಣ ಊಟಕ್ಕೆ ಹೋಗಿದ್ದಾಗ ನಾನೊಬ್ಬಳೇ ರತ್ನಕ್ಕನ ಪಕ್ಕ ಕೂತಿದ್ದೆ. ಮೋಸಂಬಿ ಸುಲಿಯುತ್ತಿದ್ದೆ.

"ವಿಜಯಾ, ಒಂದು ಕೇಳ್ತೇನೆ. ಬೊಂಬಾಯಿಯಲ್ಲಿ ಇಷ್ಟು ಜನ ಉಂಟು. ನನ್ನ ಹೆಸರೇ ಯಾಕೆ ಹಾಕಿದೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಮ್ಮ ಆಫೀಸಿನಲ್ಲಿ ಹಾಗೆ ಪದ್ಧತಿ ರತ್ನಕ್ಕ. ಗೊತ್ತಿದ್ದವರದ್ದು ಹಾಕ್ಬೇಕು. ಸ್ವಂತದವರದ್ದು ಹಾಕ್ಬಾರದು."

ನಾಲ್ಕು ವರ್ಷ ಬೆಳಿಗ್ಗೆ ಐದಕ್ಕೆದ್ದು ನನಗೆ ಡಬ್ಬಿ ಕಟ್ಟಿದವರು. ಜ್ವರ ಬಂದಾಗ ಪಕ್ಕದಲ್ಲಿ ಕೂತವರು. ನಾನು ಹೇಳಿದ ಮಾತಿನ ಅರ್ಥ ಹೇಳಿದ ಮೇಲೆ ನನಗೇ ತಟ್ಟಿತು, ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೋಸಂಬಿ ತೊಳೆ ಕೈಯಲ್ಲೇ ಉಳಿಯಿತು.

ರತ್ನಕ್ಕ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ತಿಂದರು. ಬೀಜವನ್ನು ನನ್ನ ಅಂಗೈಗೇ ಉಗುಳಿದರು.

"ಹಾಗಾದರೆ ಇನ್ನು ಮೇಲೆ ನನ್ನದು ಹಾಕುವ ಹಾಗಿಲ್ಲ" ಅಂದರು. "ಸಹಿ ಮಾಡಿದ್ದಿ ಅಲ್ಲ?"

ಆಮೇಲೆ ನಿವೃತ್ತಿಯಾಗುವವರೆಗೆ ನಾನು ಎಷ್ಟೋ ಸರ್ವರುಗಳಲ್ಲಿ ಎಷ್ಟೋ ಪ್ರೋಗ್ರಾಂ ಏರಿಸಿದೆ. ಪರೀಕ್ಷೆಗೆ ಪ್ರತಿಸಲವೂ ನನ್ನ ಹೆಸರನ್ನೇ ಹಾಕಿದೆ. ಹೃದಯಾಘಾತ, ಕಾಮಾಲೆ, ಹಾವು ಕಡಿತ, ಎರಡು ಸಲ ಅವಳಿ ಹೆರಿಗೆ. ಸತ್ತದ್ದಕ್ಕಂತೂ ಲೆಕ್ಕವೇ ಇಲ್ಲ, ಪ್ರತಿಸಲವೂ ಎಂಟರ್ ನಾನೇ ಒತ್ತಿಕೊಂಡೆ.